ಬಾಯಿ ಬಿಡದ ಡಿಸ್ಕು

ಕಪ್ಪು ಪರದೆಯ ಮೇಲೆ ಒಂದೇ ಒಂದು ಸಾಲು: ಕಾರ್ಡ್ ಹಾಕಿ.

ಆ ಸಾಲಿನ ತುದಿಯಲ್ಲಿ ಒಂದು ಚಿಕ್ಕ ಗೀಟು ಮಿಣುಕುತ್ತಿತ್ತು. ಬೆಳಿಗ್ಗೆಯಿಂದ ಇನ್‌ಸ್ಪೆಕ್ಟರ್ ಅದನ್ನೇ ನೋಡಿ ನೋಡಿ, ಈಗ ಕಣ್ಣು ಮುಚ್ಚಿದರೂ ಅದೇ ಕಾಣಿಸುತ್ತಿತ್ತು.

"ಇನ್ನೊಂದ್ಸಲ ಆಫ್ ಮಾಡಿ ಆನ್ ಮಾಡಿದ್ರೆ?"

"ಎಷ್ಟು ಸಲ ಮಾಡಿದ್ರೂ ಅಲ್ಲಿಗೇ ಬಂದು ನಿಲ್ಲುತ್ತೆ ಮೇಡಂ," ಎಂದ ಚಷ್ಮಾ. ಅವನು ಇಲಾಖೆಯ ಕಂಪ್ಯೂಟರ್ ತಜ್ಞ. ಸೋಡಾಬುಡ್ಡಿ ಕನ್ನಡಕದ ದಯೆಯಿಂದ ಆ ಅಡ್ಡಹೆಸರು ಅಂಟಿಕೊಂಡು, ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ದಿನ ಮಾತ್ರ ಹೊರಗೆ ಬರುತ್ತಿತ್ತು.

ಕಂಪ್ಯೂಟರಿನ ಒಡೆಯ ಧ್ವನಿತಜ್ಞ. ಕಾಣೆಯಾದ ಹುಡುಗಿ ಮನೆಗೆ ಮಾಡಿದ ಒಂದೇ ಒಂದು ಫೋನ್ ಕರೆಯ ಹಿಂದಿನ ಸದ್ದುಗಳನ್ನು ವಾರಗಟ್ಟಲೆ ಕೂತು ಬಿಡಿಸುತ್ತಿದ್ದವನು, ನಿನ್ನೆ ಬೆಳಗಿನ ಜಾವ ಇದೇ ಮನೆಯ ಮೆಟ್ಟಿಲ ಬುಡದಲ್ಲಿ ಕತ್ತು ಮುರಿದು ಬಿದ್ದಿದ್ದ.

"ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದ್ರೆ ಆಗಲ್ವಾ?"

"ಹಾಕಿದ್ದೂ ಆಯ್ತು. ಒಳಗೆಲ್ಲ ಬರೀ ಕಲಸುಮೇಲೋಗರ, ಒಂದಕ್ಷರ ತಿಳಿಯಲ್ಲ. ಬೀಗದಕೈ ಡಿಸ್ಕಲ್ಲಿ ಇಲ್ಲವೇ ಇಲ್ಲ ಮೇಡಂ, ಕಾರ್ಡಲ್ಲಿದೆ. ಕಂಪ್ಯೂಟರ್ ಕಣ್ಣು ಬಿಡೋ ಹೊತ್ತಿಗೇ ಕಾರ್ಡ್ ಕೇಳುತ್ತೆ. ಕಾರ್ಡ್ ಹಾಕಿ ಪಿನ್ ಒತ್ತಿದ್ರೆ ಬಾಗಿಲು ತೆಗೆಯುತ್ತೆ. ಇಲ್ದಿದ್ರೆ ಹೀಗೇ, ನಾವೂ ಅದೂ ಮುಖ ಮುಖ ನೋಡ್ಕೊಂಡು ಕೂರಬೇಕು."

"ಒಡೆಯೋಕೆ ದಾರಿಯೇ ಇಲ್ವಾ?"

"ನನ್ನ ಮೊಮ್ಮಕ್ಕಳ ಕಾಲಕ್ಕೆ ಆದ್ರೂ ಆಗಬಹುದು." ಚಷ್ಮಾ ಕನ್ನಡಕ ಒರೆಸಿಕೊಂಡ. "ನಂಗಿನ್ನೂ ಮದುವೇನೇ ಆಗಿಲ್ಲ."

ಬೇರೆ ದಿನವಾಗಿದ್ದರೆ ಇನ್‌ಸ್ಪೆಕ್ಟರ್ ನಗುತ್ತಿದ್ದಳು.

ಮೂಲ ಧ್ವನಿಮುದ್ರಿಕೆ ಅವಳ ಮೊಬೈಲಿನಲ್ಲೇ ಇತ್ತು. ಹುಡುಗಿಯ ತಂದೆಯ ಫೋನು ಬಂದ ಕರೆಗಳನ್ನೆಲ್ಲ ತಾನಾಗಿ ಉಳಿಸಿಕೊಳ್ಳುತ್ತಿದ್ದುದರಿಂದ ಅದಷ್ಟಾದರೂ ಸಿಕ್ಕಿತ್ತು. ಕರೆ ಇಂಟರ್ನೆಟ್ ಮೂಲಕ ಬಂದದ್ದು. ಟವರಿನ ಜಾಡು ಹಿಡಿಯುವಂತಿರಲಿಲ್ಲ. "ಅಪ್ಪಾ, ನಾನು ಚೆನ್ನಾಗಿದೀನಿ, ಹುಡುಕಬೇಡಿ" ಎಂಬ ಗಂಟಲು ಕಟ್ಟಿದ ಮಾತು, ಅದರ ಹಿಂದೆ ದಟ್ಟ ಗೊರಗೊರ ಸದ್ದು. ಆ ಗೊರಗೊರದೊಳಗೆ ಒಂದು ಜಾಗ ಅಡಗಿದೆ ಎಂದಿದ್ದ ಧ್ವನಿತಜ್ಞ. ಬೇರೆ ತಜ್ಞರನ್ನು ಕೇಳಿದರೆ, ಮೊದಲಿನಿಂದ ಶುರು ಮಾಡಬೇಕು, ತಿಂಗಳಾದರೂ ಬೇಕು ಎಂದರು.

ಹುಡುಗಿಗೆ ತಿಂಗಳು ಇರಲಿಲ್ಲ. ಅವಳಿಗೆ ಚಿಕ್ಕಂದಿನಿಂದ ಸಕ್ಕರೆ ಕಾಯಿಲೆ. ಇನ್ಸುಲಿನ್ ಚುಚ್ಚಿಕೊಳ್ಳದೆ ದಿನ ಕಳೆಯುವಂತಿಲ್ಲ. ಹೋಗುವಾಗ ಬ್ಯಾಗಿನಲ್ಲಿದ್ದದ್ದು ಈ ವಾರಕ್ಕೆ ಮುಗಿಯುತ್ತದೆ, ಉಳಿಸಿ ಉಳಿಸಿ ಬಳಸಿದರೂ ಅಷ್ಟೇ ಎಂದು ಅವಳ ವೈದ್ಯರು ಹೇಳಿದ್ದರು.

ಇನ್‌ಸ್ಪೆಕ್ಟರ್ ಮತ್ತೊಮ್ಮೆ ಕೋಣೆಯನ್ನು ಕಣ್ಣಲ್ಲೇ ತಡವಿದಳು. ಹಿಂದಕ್ಕೆ ತಳ್ಳಿದ ಕುರ್ಚಿ. ಮೇಜಿನ ಅಂಚಿಗೆ ತೂಗುಬಿದ್ದ ಹೆಡ್‌ಫೋನು. ಅಂಗೈಯಗಲದ ಕಾರ್ಡ್ ರೀಡರು, ಬಾಯಿ ಖಾಲಿ. ಆಸ್ಪತ್ರೆಯವರು ತೆಗೆದಿಟ್ಟ ಬಟ್ಟೆಯ ಜೇಬುಗಳೂ ಖಾಲಿ. ಕೆಳಗೆ ಹಿಂಬಾಗಿಲ ಚಿಲಕ ತೆಗೆದಿತ್ತು, ಒಡೆದ ಗುರುತಿಲ್ಲ. ಬಂದವನಿಗೆ ಮನೆಯವರೇ ಬಾಗಿಲು ತೆಗೆದಿದ್ದಾರೆ.

ಅಷ್ಟರಲ್ಲಿ ಗಂಡನ ಫೋನು ಬಂತು.

"ಊಟ ಮಾಡಿದ್ಯಾ?"

"ಇನ್ನೂ ಇಲ್ಲ."

"ಡಿಸ್ಕ್ ಬಾಯಿ ಬಿಡ್ತಾ?"

"ಇಲ್ಲ. ಕಾರ್ಡೇ ಸಿಗ್ತಿಲ್ಲ."

"ಹೋಗ್ಲಿ, ತಲೆ ಕೆಡಿಸ್ಕೋಬೇಡ. ಸಂಜೆ ಕರ್ಕೊಂಡು ಬರೋಕೆ ನಿನ್ನ ತಮ್ಮ ಬರಲ್ವಂತೆ, ಗಾಡಿ ತಗೊಂಡು ಎಲ್ಲೋ ಹೋಗಿದಾನೆ. ನಾನೇ ಬರ್ಲಾ?"

"ಬೇಡ, ನಾನೇ ಬರ್ತೀನಿ," ಎಂದು ಅವಳು ಫೋನಿಟ್ಟು ಮೆಟ್ಟಿಲಿಳಿದಳು. ಕೇಳಬೇಕಾದವರು ಕೆಳಗಿದ್ದರು.

ಧ್ವನಿತಜ್ಞನ ಹೆಂಡತಿ ಅಡುಗೆಮನೆಯಲ್ಲಿ ತೊಳೆದ ಲೋಟಗಳನ್ನೇ ಮತ್ತೆ ತೊಳೆಯುತ್ತಿದ್ದಳು. ಅವಳಿಗೆ ಎರಡೂ ಕಿವಿ ಮಂದ. ಯಂತ್ರ ಹಾಕಿಕೊಂಡರಷ್ಟೇ ಕೇಳಿಸುತ್ತದೆ, ಮಲಗುವಾಗ ತೆಗೆದಿಡುತ್ತಾಳೆ. ಗಂಡ ಬಿದ್ದ ಸದ್ದು ಪಕ್ಕದ ಮನೆಯವರನ್ನು ಎಬ್ಬಿಸಿತ್ತು, ಅವಳನ್ನು ಎಬ್ಬಿಸಿರಲಿಲ್ಲ. ಅವರು ಬಂದು ಬಾಗಿಲು ಬಡಿದು, ಕಿಟಕಿಯಿಂದ ಕೋಲು ಚಾಚಿ ಮುಟ್ಟಿದ ಮೇಲೆ ಎದ್ದಿದ್ದಳು.

"ನಿಮ್ಮ ಯಜಮಾನ್ರ ಕಾರ್ಡ್ ಎಲ್ಲಿದೆಯಮ್ಮಾ?"

"ಆಗ್ಲೇ ಹೇಳಿದ್ನಲ್ಲ ಮೇಡಂ. ನಂಗೊತ್ತಿಲ್ಲ."

"ಆಂಬುಲೆನ್ಸಿನವರನ್ನ ಮಾತಾಡಿಸ್ದೆ. ಗಂಡನ್ನ ಸ್ಟ್ರೆಚರ್ ಮೇಲೆ ಎತ್ತುತಾ ಇದ್ರೆ ನೀವು ಮೇಲಕ್ಕೆ ಓಡಿ ಹೋಗಿ ಬಂದ್ರಂತೆ. ಏನು ತರೋಕೆ?"

"ಕಿವಿ ಯಂತ್ರ."

"ಯಂತ್ರ ನಿಮ್ಮ ಹಾಸಿಗೆ ಪಕ್ಕ ಇರುತ್ತೆ. ಹಾಸಿಗೆ ಕೆಳಗಿನ ಕೋಣೇಲಿದೆ."

ನಲ್ಲಿಯ ನೀರು ಸುರಿಯುತ್ತಲೇ ಇತ್ತು. ಹೆಂಗಸು ಅದನ್ನು ನಿಲ್ಲಿಸಿ, ಒದ್ದೆ ಕೈಯನ್ನು ನೋಡಿಕೊಂಡು ನಿಂತಳು.

"ಅಮ್ಮಾ, ಅಲ್ಲೊಂದು ಹುಡುಗಿ ಇದಾಳೆ."

"ಗೊತ್ತು ಮೇಡಂ."

"ಗೊತ್ತಿದ್ದೂ ಸುಮ್ನಿದೀರಾ?"

"ಅವರು ಕೊಡಬೇಡ ಅಂದಿದ್ರು." ಅವಳ ದನಿ ಎಷ್ಟು ತಗ್ಗಿತ್ತೆಂದರೆ ಇನ್‌ಸ್ಪೆಕ್ಟರ್ ಹತ್ತಿರ ಹೋಗಬೇಕಾಯಿತು. "ಮೊನ್ನೆ ಊಟಕ್ಕೆ ಕೂತಾಗ, ಜಾಗ ಗೊತ್ತಾಯ್ತು ಅಂದ್ರು. ಖುಷಿಯಾಗಿ ಹೇಳ್ಲಿಲ್ಲ. ತಟ್ಟೆ ಮುಂದೆ ಸುಮ್ನೆ ಕೂತೇ ಇದ್ರು. ಮತ್ತೆ ಇನ್‌ಸ್ಪೆಕ್ಟರಿಗೆ ಫೋನ್ ಮಾಡೋದಲ್ವಾ ಅಂದೆ. ಬೆಳಿಗ್ಗೆ ನೋಡೋಣ ಅಂದ್ರು. ನನಗೇನಾದ್ರೂ ಆದ್ರೆ ಕಾರ್ಡ್ ತೆಗೆದಿಟ್ಕೋ, ಯಾರಿಗೂ ಕೊಡಬೇಡ ಅಂದ್ರು. ಪೊಲೀಸರಿಗೂ ಅಷ್ಟೇ ಅಂತ ಸೇರಿಸಿದ್ರು."

"ಯಾರಿಗೆ ಹೆದರಿದ್ರು?"

"ಹೇಳ್ಲಿಲ್ಲ. ಅವರು ಇಡೀ ದಿನ ಸದ್ದು ಕೇಳಿಸ್ಕೊಂಡು, ಸಂಜೆ ನನ್ನ ಜೊತೆ ಇದ್ದಾಗ ಮಾತು ಕಡಿಮೆ ಆಡ್ತಾರೆ. ನಂಗೂ ಅದು ರೂಢಿ."

ಇನ್‌ಸ್ಪೆಕ್ಟರ್ ಗದರಿಸಿದಳು, ಬೇಡಿಕೊಂಡಳು, ಕಾನೂನು ಹೇಳಿದಳು. ಹೆಂಗಸು ಪ್ರತಿ ಮಾತಿಗೂ ತಲೆಯಾಡಿಸಿದಳೇ ಹೊರತು ಕೈ ಮಾತ್ರ ಮುಂದೆ ಬರಲಿಲ್ಲ.

ಆಗ ಅಡುಗೆಮನೆಯ ಬಾಗಿಲಲ್ಲಿ ಒಬ್ಬ ಗಂಡಸು ಬಂದು ನಿಂತ. ಖಾಕಿ ಅಂಗಿ, ಎದೆಯ ಮೇಲೆ ಬಸ್ ಚಾಲಕನ ಬಿಲ್ಲೆ. ಹುಡುಗಿಯ ತಂದೆ. ಮೊನ್ನೆ ಸಂಜೆ ಇದೇ ಮನೆಯ ಗೇಟಿನಲ್ಲಿ ನಿಂತು, "ಇನ್ನೆಷ್ಟು ದಿನ ಕಿವಿಗೆ ಸಿಕ್ಕಿಸ್ಕೊಂಡು ಕೂರ್ತೀರಿ" ಎಂದು ಅವನು ಧ್ವನಿತಜ್ಞನ ಮೇಲೆ ಕೂಗಾಡಿದ್ದನ್ನು ಬೀದಿಯೆಲ್ಲ ಕೇಳಿಸಿಕೊಂಡಿತ್ತು. ಆದ್ದರಿಂದ ಇನ್‌ಸ್ಪೆಕ್ಟರ ಅನುಮಾನದ ಒಂದು ಕಣ್ಣು ಅವನ ಮೇಲೂ ಇತ್ತು. ತಂದೆಯಾದವನು ಯಾಕೆ, ಎಂದು ಅವಳೇ ಕೇಳಿಕೊಂಡಿದ್ದಳು. ಈ ಕೆಲಸದಲ್ಲಿ ಅವಳು ಅಂಥ ತಂದೆಯರನ್ನೂ ನೋಡಿದ್ದಳು.

ಅವನ ಕೈಯಲ್ಲಿ ಒಂದು ಉಕ್ಕಿನ ಫ್ಲಾಸ್ಕ್ ಇತ್ತು.

"ಅಕ್ಕಾ," ಎಂದ ಅವನು ಇನ್‌ಸ್ಪೆಕ್ಟರನ್ನು ನೋಡದೆ, "ಇದನ್ನ ಸ್ವಲ್ಪ ಹೊತ್ತು ನಿಮ್ಮ ಫ್ರಿಜ್ಜಲ್ಲಿ ಇಡ್ತೀರಾ? ಐಸ್ ಕರಗ್ತಾ ಇದೆ."

"ಏನಣ್ಣ ಅದು?"

"ಮಗಳ ಇನ್ಸುಲಿನ್. ಸಿಕ್ಕಿದ ತಕ್ಷಣ ಕೊಡಬೇಕಲ್ಲ. ಮನೇಲಿಟ್ರೆ ಹೋಗಿ ತರೋ ಹೊತ್ತಿಗೆ ತಡ ಆಗುತ್ತೆ ಅಂತ ಜೊತೇಲೇ ಇಟ್ಕೊಂಡಿರ್ತೀನಿ."

ಹೆಂಗಸು ಫ್ಲಾಸ್ಕ್ ತೆಗೆದುಕೊಂಡಳು. ಒಳಗಿನ ಪುಟ್ಟ ಸೀಸೆಗಳನ್ನು ಒಂದೊಂದಾಗಿ ಒರೆಸಿ, ಫ್ರಿಜ್ಜಿನಲ್ಲಿ ಜಾಗ ಮಾಡಿ ಇಟ್ಟಳು. ಬಾಗಿಲು ಮುಚ್ಚುವುದನ್ನು ಮರೆತು ಅಲ್ಲೇ ನಿಂತಳು. ಆಮೇಲೆ ಉಡುಪಿನ ಜೇಬಿಗೆ ಕೈ ಹಾಕಿ, ಬ್ಯಾಂಕ್ ಕಾರ್ಡಿನಂಥದೇ ಒಂದು ಬಿಳಿಯ ಕಾರ್ಡನ್ನು ತೆಗೆದಳು. ಅದನ್ನು ಇನ್‌ಸ್ಪೆಕ್ಟರಿಗೆ ಕೊಡಲಿಲ್ಲ. ಬಸ್ ಚಾಲಕನ ಕೈಯಲ್ಲಿಟ್ಟಳು.

ಮೂವರೂ ಮೆಟ್ಟಿಲು ಹತ್ತಿದರು. ಚಷ್ಮಾ ಕಾರ್ಡನ್ನು ರೀಡರಿಗೆ ಸಿಕ್ಕಿಸಿದ. ಹಸಿರು ದೀಪ ಹೊತ್ತಿತು. ಪರದೆಯ ಸಾಲು ಬದಲಾಯಿತು: ಪಿನ್ ಒತ್ತಿ. ಉಳಿದ ಅವಕಾಶ ಒಂದು.

"ಒಂದಾ?" ಚಷ್ಮಾ ಪರದೆಗೆ ಮೂಗು ತಾಗುವಷ್ಟು ಬಗ್ಗಿದ. "ಮೂರಿರಬೇಕು. ಯಾರೋ ಎರಡು ಸುಟ್ಟಿದಾರೆ."

"ನಾನೇ," ಎಂದಳು ಹೆಂಡತಿ.

ಎಲ್ಲರೂ ಅವಳತ್ತ ತಿರುಗಿದರು.

"ನಿನ್ನೆ ಆಸ್ಪತ್ರೆಯಿಂದ ಬಂದ ಮೇಲೆ. ಅವರು ಈ ಸ್ಥಿತಿಗೆ ಬರೋ ಅಂಥದ್ದು ಒಳಗೇನಿದೆ ಅಂತ ನೋಡಬೇಕು ಅನ್ನಿಸ್ತು. ಮದುವೆ ತಾರೀಖು ಒತ್ತಿದೆ. ಅಲ್ಲ ಅಂತು. ನನ್ನ ಹುಟ್ಟಿದ ದಿನ ಒತ್ತಿದೆ. ಅದೂ ಅಲ್ಲ ಅಂತು. ಇಷ್ಟು ವರ್ಷದ ಸಂಸಾರದಲ್ಲಿ ನಂಗೆ ಗೊತ್ತಿದ್ದ ನಂಬರ್ ಅವೆರಡೇ."

"ಕಾರ್ಡ್ ತೆಗೆದು ಮತ್ತೆ ಹಾಕಿದ್ರೆ ಮೂರಾಗಲ್ವಾ?" ಎಂದು ಕೇಳಿದಳು ಇನ್‌ಸ್ಪೆಕ್ಟರ್.

"ಆಗಲ್ಲ ಮೇಡಂ. ತಪ್ಪು ಎಣಿಸೋದು ಕಂಪ್ಯೂಟರ್ ಅಲ್ಲ, ಕಾರ್ಡೇ. ಇನ್ನೊಂದು ತಪ್ಪಿದ್ರೆ ಬೀಗ ಹಾಕ್ಕೊಂಡು ಕೂತುಬಿಡುತ್ತೆ. ಆಮೇಲೆ ಬಿಡಿಸೋಕೆ ಬೇರೆ ಉದ್ದನೆ ನಂಬರ್ ಬೇಕು. ಅದೂ ಅವರ ತಲೇಲೇ ಇರೋದು."

ಹಾಗಾದರೆ ಆ ತಲೆಯನ್ನೇ ಕೇಳಬೇಕಿತ್ತು.

ಆಸ್ಪತ್ರೆಯ ತೀವ್ರ ನಿಗಾ ಕೋಣೆಯಲ್ಲಿ ಧ್ವನಿತಜ್ಞ ಅಂಗಾತ ಮಲಗಿದ್ದ. ಕತ್ತಿಗೆ ಗಟ್ಟಿ ಪಟ್ಟಿ, ಗಂಟಲಿಗೆ ಕೊಳವೆ. ಕತ್ತಿನಿಂದ ಕೆಳಗೆ ಯಾವುದೂ ಅವನ ಮಾತು ಕೇಳುತ್ತಿರಲಿಲ್ಲ. ಆದರೆ ಪ್ರಜ್ಞೆ ಆಗಷ್ಟೇ ಮರಳಿತ್ತು. ನರ್ಸ್ ಅವನಿಗೊಂದು ಭಾಷೆ ಕಲಿಸಿದ್ದಳು: ಹೌದಾದರೆ ಒಂದು ಸಲ ಕಣ್ಣು ಮುಚ್ಚುವುದು, ಇಲ್ಲವಾದರೆ ಎರಡು ಸಲ.

ಹೆಂಡತಿ ಬಾಗಿಲವರೆಗೆ ಬಂದು ಕೊಳವೆಗಳನ್ನು ನೋಡಿ ಹಿಂದೆ ಸರಿದಳು. "ನಂಗಾಗಲ್ಲ ಮೇಡಂ, ನೀವೇ ಕೇಳಿ," ಎಂದು ಹೊರಗಿನ ಬೆಂಚಿನಲ್ಲಿ ಕೂತಳು. ಒಳಗೆ ಹೋದದ್ದು ಇನ್‌ಸ್ಪೆಕ್ಟರ್ ಮತ್ತು ಬಸ್ ಚಾಲಕ. ನರ್ಸ್ ಅಲ್ಲೇ ಇದ್ದಳು.

"ನನ್ನ ಗುರುತು ಸಿಕ್ತಾ ಸರ್?"

ಒಂದು ಸಲ.

"ನಿಮ್ಮ ಕಾರ್ಡ್ ಸಿಕ್ಕಿದೆ. ಪಿನ್ ಬೇಕು. ಒಂದೇ ಅವಕಾಶ ಉಳಿದಿರೋದು, ತಪ್ಪಿದ್ರೆ ಕಾರ್ಡ್ ಲಾಕ್ ಆಗುತ್ತೆ. ಹುಡುಗಿ ಹತ್ರ ಔಷಧಿ ಮುಗೀತಾ ಬಂದಿದೆ. ಹೇಳ್ತೀರಲ್ಲ?"

ಅವನ ಕಣ್ಣು ಅವಳ ಮುಖದಿಂದ ಚಾಲಕನ ಮುಖಕ್ಕೆ ಹೋಯಿತು, ಮತ್ತೆ ಅವಳ ಮುಖಕ್ಕೆ ಬಂತು. ಬಹಳ ಹೊತ್ತಿನ ಮೇಲೆ ಒಂದು ಸಲ ಮುಚ್ಚಿತು.

ನರ್ಸ್ ಸೊನ್ನೆಯಿಂದ ಒಂಬತ್ತರವರೆಗೆ ನಿಧಾನವಾಗಿ ಎಣಿಸುತ್ತ ಹೋದಳು. ರೆಪ್ಪೆ ಬಿದ್ದ ಕಡೆ ನಿಲ್ಲಿಸಿದಳು. ಮತ್ತೆ ಸೊನ್ನೆಯಿಂದ. ಅಂಕಿಗಳು ಒಂದೊಂದಾಗಿ ಬಂದವು, ಆರಾದವು. ಇನ್‌ಸ್ಪೆಕ್ಟರ್ ಅಂಗೈ ಮೇಲೆ ಬರೆದುಕೊಂಡಳು. ಖಚಿತವಾಗಲೆಂದು ಇನ್ನೊಮ್ಮೆ ಕೇಳಿಸಿದಳು. ಅದೇ ಅಂಕಿಗಳು, ಅದೇ ಕ್ರಮ. ಒಂದು ಕಡೆಯೂ ತಡವರಿಸಲಿಲ್ಲ.

ಅವಳು ಕೋಣೆಯ ಮೂಲೆಗೆ ಹೋಗಿ ಚಷ್ಮಾನಿಗೆ ಫೋನ್ ಮಾಡಿ, ಒಂದೊಂದೇ ಅಂಕಿ ಹೇಳಿದಳು. ಅವನು ಒಂದೊಂದನ್ನೇ ತಿರುಗಿ ಹೇಳಿದ.

"ಒತ್ತಲಾ ಮೇಡಂ?"

"ಒತ್ತು."

ಆ ಕಡೆ ಗುಂಡಿಯ ಸದ್ದು. ಬಸ್ ಚಾಲಕ ಅವಳ ಮುಖವನ್ನೇ ನೋಡುತ್ತಿದ್ದ.

"ಚಷ್ಮಾ?"

"ತಪ್ಪು ಅಂತು ಮೇಡಂ. ಕಾರ್ಡ್ ಲಾಕ್ ಆಯ್ತು."

ಅವಳು ಏನೂ ಹೇಳುವ ಅಗತ್ಯವೇ ಬೀಳಲಿಲ್ಲ. ಚಾಲಕನಿಗೆ ಮುಖ ಓದಲು ಬರುತ್ತಿತ್ತು. ಅವನು ಕೂಗಲಿಲ್ಲ. ಮಂಚದ ಕಂಬಿ ಹಿಡಿದು, "ನಾನು ಮೊನ್ನೆ ಬೈದಿದ್ದಕ್ಕಾ ಸಾರ್?" ಎಂದು ಕೇಳಿದ. "ತಪ್ಪಾಯ್ತು. ಕಾಲಿಗೆ ಬೀಳ್ತೀನಿ. ಅವಳನ್ನ ನೋಡಿ ಸಾರ್, ನನ್ನನ್ನ ಬೇಡ."

ಧ್ವನಿತಜ್ಞನ ಕಣ್ಣಿಂದ ನೀರು ಇಳಿದು ಕಿವಿಯ ಕಡೆಗೆ ಹರಿಯಿತು. ಒರೆಸಿಕೊಳ್ಳಲು ಅವನ ಕೈ ಏಳುತ್ತಿರಲಿಲ್ಲ. ನರ್ಸ್ ಒರೆಸಿದಳು.

ಇನ್‌ಸ್ಪೆಕ್ಟರ್ ಚಾಲಕನ ಭುಜ ಹಿಡಿದು ಹೊರಗೆ ಕರೆತಂದಳು. ಬೆಂಚಿನಲ್ಲಿದ್ದ ಹೆಂಡತಿ ತಲೆಯೆತ್ತಿದಳು.

"ಯಾವ ನಂಬರ್ ಕೊಟ್ರು?"

ಇನ್‌ಸ್ಪೆಕ್ಟರ್ ಅಂಗೈ ತೋರಿಸಿದಳು. ಹೆಂಗಸು ಅದನ್ನು ನೋಡಿದಳು, ಮತ್ತೆ ನೋಡಿದಳು.

"ಇದು ನಮ್ಮ ಮದುವೆ ತಾರೀಖು. ನಾನು ಮೊದಲು ಒತ್ತಿದ್ದು ಇದೇ ಅಲ್ವಾ?"

ಆ ತಾರೀಖು ಯಾವುದೆಂದು ಆಗಲೇ ಒಂದು ಮಾತು ಕೇಳಿ ಇಟ್ಟುಕೊಳ್ಳಲಿಲ್ಲವಲ್ಲ ಎಂದು ಇನ್‌ಸ್ಪೆಕ್ಟರ್ ತುಟಿ ಕಚ್ಚಿದಳು. ನೆನಪು ತಪ್ಪಿ ಕೊಟ್ಟದ್ದಲ್ಲ ಇದು. ಸ್ವಂತ ಬೀಗ ಯಾವ ನಂಬರಿಗೆ ತೆಗೆಯುತ್ತದೆ, ಯಾವುದಕ್ಕೆ ತೆಗೆಯುವುದಿಲ್ಲ ಎಂದು ಅವನಿಗೆ ಗೊತ್ತು. ಒಂದೇ ಅವಕಾಶ ಎಂದು ತಾನೇ ಬಾಯಿಬಿಟ್ಟು ಹೇಳಿದ್ದಳು. ಆ ಒಂದನ್ನೂ ಸುಡಿಸಬೇಕೆಂದು, ಎರಡು ಸುತ್ತಿನಲ್ಲೂ ಅದೇ ಅಂಕಿಗಳನ್ನು ಬೇಕೆಂದೇ ಕೊಟ್ಟಿದ್ದ.

ಯಾರೋ ಆ ಕೋಣೆಯಲ್ಲಿ ಇದ್ದರು. ಅವರ ಎದುರು ಡಿಸ್ಕು ತೆರೆಯುವುದು ಅವನಿಗೆ ಬೇಡವಾಗಿತ್ತು.

ಅವಳು ಬಸ್ ಚಾಲಕನನ್ನು ನೋಡಿದಳು. ಅವನು ಗೋಡೆಗೆ ತಲೆಯಾನಿಸಿ ನಿಂತಿದ್ದ. ಹಾಗೆ ನಿಂತವನನ್ನು ಅನುಮಾನಿಸಲು ಕಷ್ಟವಾಯಿತು, ಆದರೂ ಅನುಮಾನಿಸಿದಳು. ಕಾನ್‌ಸ್ಟೇಬಲ್ ಒಬ್ಬನನ್ನು ಅವನ ಪಕ್ಕ ನಿಲ್ಲಿಸಿ, ಒಬ್ಬಳೇ ಒಳಗೆ ಹೋದಳು. ನರ್ಸನ್ನು ಸ್ವಲ್ಪ ಹೊತ್ತು ಹೊರಗಿರಲು ಕೇಳಿಕೊಂಡಳು.

"ಸರ್, ಈಗ ಯಾರೂ ಇಲ್ಲ. ನಂಬರ್ ತಪ್ಪು ಅಂತ ಗೊತ್ತಿದ್ದೇ ಕೊಟ್ರಾ?"

ಒಂದು ಸಲ.

"ಆಗ ಇಲ್ಲಿದ್ದ ಯಾರನ್ನೋ ಕಂಡು ಹೆದರಿದ್ರಿ. ಹೌದಾ?"

ಒಂದು ಸಲ.

"ಹುಡುಗಿ ಅಪ್ಪನನ್ನಾ?"

ಎರಡು ಸಲ.

ಅವಳು ಅದನ್ನು ನಿರೀಕ್ಷಿಸಿರಲಿಲ್ಲ. "ನರ್ಸನ್ನಾ?"

ಎರಡು ಸಲ.

ಯಂತ್ರ ಅವನ ಪರವಾಗಿ ಉಸಿರಾಡುತ್ತಿತ್ತು. ಕೋಣೆಯಲ್ಲಿ ಇನ್ನು ಯಾರಿದ್ದರು ಎಂದು ಅವಳು ನೆನಪಿಸಿಕೊಳ್ಳಲು ನೋಡಿದಳು. ಯಾರೂ ಇರಲಿಲ್ಲ. ಬಾಗಿಲು ಮುಚ್ಚಿತ್ತು. ಲೆಕ್ಕ ಮುಗಿದು ಉಳಿದದ್ದು ಅವಳೊಬ್ಬಳೇ.

"ನನ್ನನ್ನಾ?"

ಒಂದು ಸಲ.

"ನಾನೇನು ಮಾಡಿದೀನಿ ಸರ್?" ಎಂದುಬಿಟ್ಟು, ಆ ಪ್ರಶ್ನೆಗೆ ಅವನು ಉತ್ತರ ಕೊಡುವಂತಿಲ್ಲ ಎಂದು ಆಮೇಲೆ ಹೊಳೆದು, ಬೇರೆ ರೀತಿಯಲ್ಲಿ ಕೇಳಿದಳು. "ಆ ಕರೇಲಿ ನನ್ನ ದನಿ ಇದೆಯಾ?"

ಎರಡು ಸಲ.

"ಸ್ಟೇಷನ್ನಿಂದ ಬಂದ ಕರೆಯಾ ಅದು?"

ಎರಡು ಸಲ.

ಮತ್ತೆ ಎಲ್ಲಿ? ತನಗೂ ಆ ಗೊರಗೊರ ಸದ್ದಿಗೂ ಎಲ್ಲಿಯ ನಂಟು? ಆಗ ಹೋದ ಭಾನುವಾರ ನೆನಪಾಯಿತು. ರಜೆಯ ದಿನ, ಕೆಲಸ ಎಲ್ಲಿಗೆ ಬಂತೆಂದು ಕೇಳಲು ಇವನಿಗೆ ಫೋನ್ ಮಾಡಿದ್ದಳು. ಚೆನ್ನಾಗಿಯೇ ಮಾತಾಡುತ್ತಿದ್ದವನು ಅರ್ಧದಲ್ಲಿ ನಿಲ್ಲಿಸಿ, ಅವಳ ಹಿಂದಿನ ಯಾವುದೋ ಸದ್ದಿಗೆ ಕಿವಿಗೊಟ್ಟಂತೆ ತುಂಬ ಹೊತ್ತು ಸುಮ್ಮನಿದ್ದ. ಲೈನು ಹೋಯಿತೇನೋ ಎಂದುಕೊಂಡಿದ್ದಳು. ಆಮೇಲೆ ಅವನು ಕೇಳಿದ್ದ: "ಎಲ್ಲಿಂದ ಮಾತಾಡ್ತಿದೀರಿ ಮೇಡಂ?"

"ನನ್ನ ಮನೆಯಿಂದಲಾ?" ಎಂದಳು ಇನ್‌ಸ್ಪೆಕ್ಟರ್. ಅದು ಈಗ ಕೇಳಿದ ಪ್ರಶ್ನೆಯೋ, ಆಗ ಕೊಟ್ಟಿದ್ದ ಉತ್ತರವೋ ಅವಳಿಗೇ ತಿಳಿಯಲಿಲ್ಲ. "ಆ ಹುಡುಗಿ ಫೋನ್ ಮಾಡಿದ್ದು ನನ್ನ ಮನೆಯಿಂದಲಾ?"

ರೆಪ್ಪೆಗಳು ಮುಚ್ಚಿದವು. ತೆರೆದವು. ಮತ್ತೆ ಮುಚ್ಚಲಿಲ್ಲ.

ಕೇಳಲು ಇನ್ನು ಒಂದೇ ಪ್ರಶ್ನೆ ಉಳಿದಿತ್ತು. ಆ ಮನೆಯಲ್ಲಿ ಅವಳಲ್ಲದೆ ಇರುವುದು ಇಬ್ಬರು. ಕೈಹಿಡಿದ ಗಂಡ ಒಬ್ಬ. ತಾಯಿ ಸತ್ತ ಮೇಲೆ ಅವಳೇ ಎತ್ತಿ ಆಡಿಸಿ ಬೆಳೆಸಿದ ತಮ್ಮ ಇನ್ನೊಬ್ಬ. ಮಂಚದ ಮೇಲಿನ ಮನುಷ್ಯ ಅವಳನ್ನೇ ನೋಡುತ್ತ, ರೆಪ್ಪೆ ಅಲುಗಿಸದೆ ಕಾಯುತ್ತಿದ್ದ. ಇಬ್ಬರಲ್ಲಿ ಯಾರನ್ನು ಮೊದಲು ಹೇಳಬೇಕೆಂದು ತಿಳಿಯದೆ ಅವಳು ಬಾಯಿ ತೆರೆದು ಹಾಗೆಯೇ ನಿಂತಳು.